ಅಪ್ಪನ ಸೈಕಲ್ ಬಟ್ಟೆಗಳು

ನನ್ನ ಅಕ್ಷರ ಚೆನ್ನಾಗಿಲ್ಲ. ಬರೆಯುತ್ತ ಹೋದಂತೆ ಸಾಲು ಮೇಲಕ್ಕೆ ಏರುತ್ತದೆ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಮಾತೂ ಅಷ್ಟೇ, ಎಂಟನೇ ತರಗತಿಗೆ ಶಾಲೆ ಬಿಟ್ಟವಳ ಮಾತು. ಓದುವವರು ದಯವಿಟ್ಟು ಕ್ಷಮಿಸಬೇಕು. ಮಹಿಳಾ ಸಮಾಜದ ವಿಶಾಲಾಕ್ಷಮ್ಮನವರು ನಮ್ಮ ಕೈಬರಹದ ಪತ್ರಿಕೆಗೆ ‘ಕೆಲಸಕ್ಕೆ ತಕ್ಕ ಉಡುಪು’ ಎಂಬ ವಿಷಯ ಕೊಟ್ಟು, “ನಿಮ್ಮಪ್ಪನ ಬಗ್ಗೆ ಬರಿ ಕಾಂತ. ಅವರಷ್ಟು ಸೈಕಲ್ ತುಳಿಯೋರು ಅಜ್ಜಂಪುರದಲ್ಲಿ ಇನ್ಯಾರಿದಾರೆ?” ಎಂದರು. ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು. ಮೊನ್ನೆ ಗುರುವಾರ ನಡೆದದ್ದನ್ನು ಬಿಟ್ಟು ಬರೆಯಲು ನೋಡಿದೆ, ಆಗಲಿಲ್ಲ. ಅದಕ್ಕೇ ಅದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನಮ್ಮ ಅಪ್ಪನ ಹೆಸರು ಕರಿಸಿದ್ದಪ್ಪ. ಸಿಡುಬು ಬಾರದಂತೆ ತೋಳಿಗೆ ಮದ್ದು ಚುಚ್ಚುವುದು ಅವರ ಕೆಲಸ. ನಮ್ಮ ಕಡೆ ಇದಕ್ಕೆ ದಾಕು ಹಾಕುವುದು ಎನ್ನುತ್ತಾರೆ. ಹನ್ನೊಂದು ವರ್ಷದಿಂದ ತರೀಕೆರೆ ತಾಲ್ಲೂಕಿನ ಹಳ್ಳಿಗಳನ್ನು ಸೈಕಲ್ ಮೇಲೆ ಸುತ್ತಿದ್ದಾರೆ. ಹೋದ ವರ್ಷ ಸರ್ಕಾರದವರು ಒಂದು ಮನೆಯನ್ನೂ ಬಿಡಬಾರದು ಎಂದು ಆಜ್ಞೆ ಮಾಡಿದ ಮೇಲೆ, ಜನ ಸಾಲದೆ, ಕಡೂರು ಕಡೆಗೂ ಅಪ್ಪನನ್ನೇ ಕಳಿಸುತ್ತಾರೆ. ಅಮ್ಮ ತೀರಿಕೊಂಡ ಮೇಲೆ ಅಪ್ಪನ ಬಟ್ಟೆ ಒಗೆಯುವುದು, ಹೊಲಿಯುವುದು ನಾನೇ. ಹಾಗಾಗಿ ಅವರು ಯಾವ ದಾರಿಯಲ್ಲಿ ಹೋಗಿ ಬಂದರು ಎಂದು ಬಟ್ಟೆ ನೋಡಿಯೇ ಹೇಳಬಲ್ಲೆ. ಕಡೂರು ಕಡೆಯಿಂದ ಬಂದರೆ ಅಂಗಿಯ ಬೆನ್ನಿನಲ್ಲಿ ಉಪ್ಪಿನ ಬಿಳಿ ಪಟ್ಟೆ, ಅಂಚಿನಲ್ಲಿ ಜಾಲಿ ಮುಳ್ಳು. ತರೀಕೆರೆ ಕಡೆಯಿಂದ ಬಂದರೆ ಬೆನ್ನುದ್ದ ಕೆಂಪು ಕೆಸರಿನ ಗೆರೆ. ನಮ್ಮ ಅಜ್ಜಂಪುರದ ಸುತ್ತ ಮಾತ್ರ ಓಡಾಡಿದ್ದರೆ ಕಪ್ಪು ಮಣ್ಣು. ಅದು ಒಗೆದರೂ ಪೂರ್ತಿ ಹೋಗುವುದಿಲ್ಲ.

ಮೊದಲು ಅಪ್ಪ ಎಲ್ಲ ಕಡೆಗೂ ಪಂಚೆಯಲ್ಲೇ ಹೋಗುತ್ತಿದ್ದರು. ಸಿಂಗಟಗೆರೆ ಬಯಲಿನಲ್ಲಿ ಎದುರುಗಾಳಿ ಹೊಡೆದರೆ ಪಂಚೆ ಗುಡಾರದಂತೆ ಉಬ್ಬುತ್ತದೆ. ಹಾಗೆ ಉಬ್ಬಿ, ಚೈನಿಗೆ ಸಿಕ್ಕಿ, ಒಂದು ದಿನ ಸೈಕಲ್ ಸಮೇತ ಬಿದ್ದರು. ಮೊಣಕಾಲು ಒಡೆಯಿತು. ಮದ್ದಿನ ಗಾಜಿನ ಕೊಳವೆಗಳೂ ಒಡೆದವು. ಅವತ್ತು ಹನ್ನೆರಡು ಮಕ್ಕಳಿಗೆ ದಾಕು ತಪ್ಪಿತು. ಅಪ್ಪ ಮೊಣಕಾಲಿನ ಮಾತು ಎತ್ತಲಿಲ್ಲ, ಆ ಹನ್ನೆರಡು ಮಕ್ಕಳ ಮಾತನ್ನು ಒಂದು ವಾರ ಆಡಿದರು. ಆಮೇಲೆ ಚಲ್ಲಣಕ್ಕೆ ಬದಲಾದರು. ಹೊಲ ಉಳುವವರು ಹಾಕುವ, ಮೊಣಕಾಲಿನವರೆಗೆ ಬರುವ ಸಡಿಲ ಚಡ್ಡಿ. ಮೇಲೆ ಗಂಜಿ ಹಾಕದ ತೆಳು ಹತ್ತಿಯ ಜುಬ್ಬ, ತಲೆಗೆ ಒದ್ದೆ ವಸ್ತ್ರ. ಹತ್ತಿ ಬೆವರು ಹೀರುತ್ತದೆ, ಗಾಳಿ ಆಡಿದರೆ ತಣ್ಣಗಾಗುತ್ತದೆ. ಗಂಜಿ ಹಾಕಿದರೆ ಹೀರುವುದಿಲ್ಲ, ಕಂಕುಳಲ್ಲಿ ಕೆರೆಯುತ್ತದೆ.

ಚಲ್ಲಣದಲ್ಲೂ ಒಂದು ತೊಂದರೆ ಇತ್ತು. ಅಪ್ಪ ನನಗೆ ಹೇಳುವಂಥದ್ದಲ್ಲ. ದೂರ ಹೋಗಿ ಬಂದ ದಿನ ಕಾಲು ಅಗಲಿಸಿ ನಡೆಯುತ್ತಿದ್ದರು, ಕೊಬ್ಬರಿ ಎಣ್ಣೆ ಬೇಗ ಖರ್ಚಾಗುತ್ತಿತ್ತು. ನಾನು ಚಲ್ಲಣವನ್ನು ಒಳಮಗ್ಗುಲು ತಿರುವಿ ನೋಡಿದೆ. ನಾಲ್ಕು ಹೊಲಿಗೆಗಳು ಬಂದು ಗಂಟಾಗುವ ಜಾಗವೇ ಸೀಟಿನ ಮೇಲೆ ಕೂರುವ ಜಾಗ. ಆ ಗಂಟನ್ನು ಬಿಚ್ಚಿ, ಅಲ್ಲಿಗೆ ಹಳೆಯ ಸೀರೆಯ ಮೆತ್ತನೆಯ ಚೌಕದ ತುಂಡು ಕೊಟ್ಟು, ಹೊಲಿಗೆಯನ್ನು ಪಕ್ಕಕ್ಕೆ ಸರಿಸಿದೆ. ಮುಂದಿನ ವಾರ ಅಪ್ಪ ಇನ್ನೊಂದು ಚಲ್ಲಣ ತಂದು ನನ್ನ ಹೊಲಿಗೆ ಪೆಟ್ಟಿಗೆಯ ಮೇಲೆ ಇಟ್ಟು ಹೋದರು.

ಮಳೆಗಾಲದಲ್ಲಿ ಅಮೃತಾಪುರದ ಕಡೆ ಇದು ನಡೆಯುವುದಿಲ್ಲ. ನೆನೆದ ಹತ್ತಿ ಸಂಜೆಯವರೆಗೆ ಮೈಗೆ ಅಂಟಿಕೊಂಡೇ ಇರುತ್ತದೆ, ಜ್ವರ ಬರುತ್ತದೆ. ಅಲ್ಲಿಗೆ ತುಂಡು ಚಡ್ಡಿ, ಮೇಲೆ ತಲೆಯಿಂದ ಇಳಿಬಿಡುವ ಕಂಬಳಿ ಕೊಪ್ಪೆ. ಉಣ್ಣೆ ನೆಂದರೂ ಒಳಗೆ ಬೆಚ್ಚಗೇ ಇರುತ್ತದೆ. ಆದರೆ ಕಂಬಳಿಯ ತುದಿ ಹಿಂದಿನ ಚಕ್ರಕ್ಕೆ ಇಳಿಯುತ್ತದೆ ಎಂದು ಸೊಂಟಕ್ಕೆ ಕಟ್ಟಿಕೊಳ್ಳಲು ಎರಡು ಲಾಡಿ ಹೊಲಿದಿದ್ದೇನೆ. ಪುಷ್ಯ ಮಾಸದ ಬೆಳಗಿನ ಚಳಿಗೆ ಜುಬ್ಬದ ಒಳಗೆ, ಎದೆಯ ಮೇಲೆ, ಹಳೆಯ ವೃತ್ತಪತ್ರಿಕೆಯ ಎರಡು ಹಾಳೆ. ಗಾಳಿ ದಾಟುವುದಿಲ್ಲ. ಬಿಸಿಲು ಏರಿದ ಮೇಲೆ ತೆಗೆದು ಕ್ಯಾರಿಯರ್‌ಗೆ ಸಿಕ್ಕಿಸಬಹುದು.

ಇಷ್ಟು ಎಲ್ಲ ಸರಿಹೋಗಿದ್ದಾಗ ಈ ಏಪ್ರಿಲ್ ತಿಂಗಳಲ್ಲಿ ಖಾಕಿ ಬಂತು.

ಖಾಕಿ ಪ್ಯಾಂಟು, ಖಾಕಿ ಅಂಗಿ. ದಪ್ಪ ಬಟ್ಟೆ. ದಾಕು ಹಾಕುವವರೆಲ್ಲ ಇದನ್ನೇ ಹಾಕಬೇಕು, ಹಾಕದೆ ಸಿಕ್ಕಿದರೆ ಮೆಮೊ ಎಂದು ಹೆಲ್ತ್ ಇನ್ಸ್‌ಪೆಕ್ಟರ್ ಬಸವರಾಜಪ್ಪನವರು ಹೇಳಿ ಕಳಿಸಿದರು. ಅಪ್ಪನಿಗೆ ಚಲ್ಲಣದ ವಿಷಯಕ್ಕೆ ಒಂದು ಮೆಮೊ ಆಗಲೇ ಬಂದಿತ್ತು. ಎರಡನೆಯದು ಬಂದರೆ ಕೆಲಸಕ್ಕೇ ಕುತ್ತು ಎಂದು ಆಸ್ಪತ್ರೆಯಲ್ಲಿ ಯಾರೋ ಹೆದರಿಸಿದ್ದರು. ಆ ಹೊತ್ತಿಗೆ ಸಿಂಗಟಗೆರೆಯಿಂದ ಆಚೆಗಿನ ಒಂದು ಹಟ್ಟಿಯಲ್ಲಿ ಸಿಡುಬು ಬಿದ್ದಿದೆ ಎಂಬ ಸುದ್ದಿ ಬಂತು. ಹಟ್ಟಿಯ ಹೆಸರು ಬರೆಯಬೇಡ ಎಂದು ಅಪ್ಪ ಹೇಳಿದ್ದಾರೆ. ಒಂದು ಮನೆಯಲ್ಲಿ ಒಬ್ಬ ಹುಡುಗನಿಗೆ ಬಂದಿತ್ತು. ಉಳಿದಂತೆ ಅಲ್ಲಿ ಹತ್ತೊಂಬತ್ತು ಮಕ್ಕಳು, ಒಬ್ಬರಿಗೂ ದಾಕು ಆಗಿರಲಿಲ್ಲ.

“ಗುಳ್ಳೆ ಎದ್ದು ಮೂರು ನಾಲ್ಕು ದಿನದೊಳಗೆ ಹಾಕುದ್ರೆ ಉಳಿದ ಮಕ್ಳು ಬದುಕ್ಕತಾವೆ” ಎಂದು ಅಪ್ಪ ಬುಧವಾರ ಸಂಜೆ ಹೇಳಿದರು. “ನಾಳೆ ಮೂರನೇ ದಿನ. ಹೆಣ್ಮಕ್ಳು ಕೂಸು ಕೊಡಾಕೆ ಹಿಂದೆಮುಂದೆ ನೋಡ್ತಾರೆ. ನೀನೂ ಬಾ ಕಣವ್ವ, ಕೂಸು ಹಿಡ್ಕಳೀಯಂತೆ.”

ನನಗೆ ಸಣ್ಣವಳಿದ್ದಾಗಲೇ ಎರಡು ಸಲ ದಾಕು ಆಗಿದೆ. ಹೋಗಲು ಭಯವಿರಲಿಲ್ಲ, ಹೊಸ ಜನರ ಎದುರು ನಿಲ್ಲುವುದಕ್ಕೆ ಇತ್ತು. ಇನ್ಸ್‌ಪೆಕ್ಟರೂ ಬರುತ್ತಾರೆ ಎಂದು ಕೇಳಿ ಇನ್ನೂ ಗಾಬರಿಯಾಯಿತು. ಕೈಲಾದದ್ದು ಮಾಡೋಣ ಎಂದು ಎದುರು ಮನೆಯ ದರ್ಜಿ ತೀರ್ಥಪ್ಪನವರಿಂದ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಕೇಳಿ ತಂದೆ.

“ಇಸ್ತ್ರಿ ಯಾಕೆ? ಸೀಟ್ ಮೇಲೆ ಕೂತ್ರೆ ಮುದುರಿ ಹೋಗ್ತದೆ” ಎಂದರು ಅಪ್ಪ.

“ಇನ್ಸ್‌ಪೆಕ್ಟ್ರು ಬತ್ತಾರಲ್ಲಪ್ಪ.”

ನಾನು ನೀರು ಚಿಮುಕಿಸಿ, ಒತ್ತಿ ಒತ್ತಿ, ಪ್ಯಾಂಟಿನ ಎರಡು ಕಾಲಿಗೂ ಸೊಂಟದಿಂದ ಕೆಳಗಿನವರೆಗೆ ಒಂದೇ ನೇರಕ್ಕೆ ಗೆರೆ ಕೂರಿಸಿದೆ. ಅಷ್ಟು ಚೆನ್ನಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಗುರುವಾರ ಬೆಳಗಿನ ರೈಲಿನಲ್ಲಿ ಸೈಕಲ್ ಹಾಕಿಕೊಂಡು ಹೊರಟು, ಬೀರೂರಿನಲ್ಲಿ ರೈಲು ಬದಲಿಸಿ, ಕಡೂರಿನಲ್ಲಿ ಇಳಿದೆವು. ಆಸ್ಪತ್ರೆಯಲ್ಲಿ ಮದ್ದಿನ ಕೊಳವೆಗಳನ್ನು ಐಸು ತುಂಬಿದ ಫ್ಲಾಸ್ಕಿನಲ್ಲಿ ಕೊಟ್ಟರು. ಐಸು ಕರಗಿ ನೀರು ಬೆಚ್ಚಗಾದರೆ ಮದ್ದು ಕೆಡುತ್ತದೆ, ಚುಚ್ಚಿದರೂ ಹಿಡಿಯುವುದಿಲ್ಲ. ನಾನು ಕ್ಯಾರಿಯರ್ ಮೇಲೆ ಒಂದೇ ಪಕ್ಕಕ್ಕೆ ಕೂತು, ಲಂಗವನ್ನು ಚಕ್ರಕ್ಕೆ ತಾಗದಂತೆ ಕಾಲಿನ ಮಧ್ಯೆ ಸಿಕ್ಕಿಸಿ, ಫ್ಲಾಸ್ಕನ್ನು ಮಡಿಲಲ್ಲಿ ಹಿಡಿದಿದ್ದೆ. ಗುಂಡಿ ಬಂದಾಗಲೆಲ್ಲ ಒಳಗೆ ಐಸು ಗಡಗಡ ಎನ್ನುತ್ತಿತ್ತು. ಆ ಸದ್ದು ಕೇಳಿದರೆ ಧೈರ್ಯ.

ಸಿಂಗಟಗೆರೆ ದಾಟುವಾಗ ಸದ್ದು ಸಣ್ಣದಾಗಿತ್ತು. ದಪ್ಪ ಖಾಕಿಯಲ್ಲಿ ಅಪ್ಪನ ಬೆನ್ನು ತೊಯ್ದು ಕಪ್ಪಾಗಿತ್ತು, ಉಸಿರು ನನಗೆ ಕೇಳಿಸುತ್ತಿತ್ತು. ಏರಿನಲ್ಲಿ ಅವರು ಇಳಿದು ತಳ್ಳಿದರು. ಜುಬ್ಬ, ಚಲ್ಲಣದಲ್ಲಿ ಆ ಏರನ್ನು ಅವರು ಕೂತೇ ಹತ್ತುತ್ತಿದ್ದರು.

ಹಟ್ಟಿಯ ಬಾಯಲ್ಲಿ ಎರಡು ಗೂಟ ನೆಟ್ಟು ಬೇವಿನ ಸೊಪ್ಪಿನ ತೋರಣ ಕಟ್ಟಿದ್ದರು. ಅದರ ಒಳಗೆ, ಹುಣಸೆ ಮರದ ನೆರಳಿನಲ್ಲಿ, ಒಬ್ಬ ಅಜ್ಜಿ ಕೂತಿದ್ದಳು. ಯಲ್ಲಮ್ಮ ಎಂದು ಹೆಸರು. ಆ ಹಟ್ಟಿಯಲ್ಲಿ ಅವಳ ಮಾತನ್ನು ಯಾರೂ ಮೀರುವುದಿಲ್ಲ ಎಂದು ಆಮೇಲೆ ತಿಳಿಯಿತು.

“ನಿಲ್ಲಪ್ಪೋ ಅಲ್ಲೇ! ಬೇವು ಕಣ್ಣಿಗೆ ಬೀಳ್ಲಿಲ್ವಾ?”

ಅಪ್ಪ ಚಪ್ಪಲಿ ಬಿಟ್ಟು, ಕೈಮುಗಿದು, “ಕಂಡೆ ಕಣವ್ವ. ದಾಕು ಹಾಕೋನು ನಾನು. ಹೇಳಿ ಕಳ್ಸಿದ್ರಲ್ಲ” ಎಂದರು.

“ದಾಕು ಬ್ಯಾಡ ಅನ್ನಾಕೆ ನಾನ್ಯಾರು? ನಮ್ಮ ದ್ಯಾಮಿ ಮನೇಲಿ ಅಮ್ಮ ಬಂದು ಕುಂತವ್ಳೆ. ಉಳಿದ ಮಕ್ಳ ತಂಟೆಗೆ ಬರ್‌ಬ್ಯಾಡ ತಾಯಿ ಅಂತ ನಾವೂ ಕೈ ಮುಗೀತಾ ಇದೀವಿ. ಆದ್ರೆ ಆ ಬಟ್ಟೇಲಿ ನೀನು ಒಳಕ್ಕೆ ಬರಂಗಿಲ್ಲ.”

“ಇದು ಸರ್ಕಾರದ ಬಟ್ಟೆ ಕಣವ್ವ.”

“ಯಾರದಾದ್ರೂ ಆಗ್ಲಿ. ಕಾದ ಕಬ್ಣ ಮುಟ್ಟಿದ ಬಟ್ಟೆ ಅದು. ಗೆರೆ ಕಾಣಾಕಿಲ್ವಾ ನಂಗೆ? ಅಮ್ಮ ಮೈಯೆಲ್ಲಾ ಉರಿ ಹೊತ್ಕಂಡವ್ಳೆ ಅಂತ ಇಡೀ ಹಟ್ಟೀಲಿ ಒಂದು ಒಗ್ಗರಣೆ ಚುರ್ ಅಂದಿಲ್ಲ, ಸಪ್ಪೆ ಉಣ್ತಾ ಇದೀವಿ. ನೀನು ಕೆಂಡದ ಬಿಸಿ ತೊಟ್ಕಂಡು ಬತ್ತೀನಿ ಅಂತೀಯಲ್ಲ, ಏನಪ್ಪಾ ನೀನು?”

ಸಿಡುಬು ಬಂದ ಮನೆಯಲ್ಲಿ ಒಗ್ಗರಣೆ ಹಾಕಬಾರದು ಎಂಬುದು ನಮಗೂ ಗೊತ್ತು. ಇಸ್ತ್ರಿ ಬಟ್ಟೆಗೂ ಆ ಕಟ್ಟು ಇದೆ ಎಂದು ಗೊತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅಪ್ಪನಿಗೆ ಅದು ತಿಳಿಯುವ ಸಂದರ್ಭವೇ ಬಂದಿರಲಿಲ್ಲ, ಏಕೆಂದರೆ ಅವರು ಇಸ್ತ್ರಿ ಬಟ್ಟೆ ಹಾಕಿಕೊಂಡು ಎಲ್ಲಿಗೂ ಹೋದವರಲ್ಲ. ಆ ಗೆರೆ ಕೂರಿಸಿದ್ದು ನಾನು. ಫ್ಲಾಸ್ಕನ್ನು ಮೆಲ್ಲಗೆ ಅಲ್ಲಾಡಿಸಿದೆ. ಟಿಣ್ ಎಂದು ಒಂದೇ ಒಂದು ಸದ್ದು.

“ಅಪ್ಪ, ನಾನೇ ಇಸ್ತ್ರಿ ಹಾಕ್ಬಿಟ್ಟೆ” ಎಂದೆ.

“ಈಗ ಅದ್ಯಾಕೆ? ಐಸು ಐತಾ?”

“ಸ್ವಲ್ಪ ಐತೆ.”

ಅಪ್ಪ ಬಂದ ದಾರಿಯನ್ನು ಒಮ್ಮೆ ತಿರುಗಿ ನೋಡಿದರು. ಜೀಪಿನ ಧೂಳು ಇನ್ನೂ ಕಾಣುತ್ತಿರಲಿಲ್ಲ. ಆಮೇಲೆ ಜಾಲಿ ಗಿಡದ ಮರೆಗೆ ಹೋದರು. ಬರುವಾಗ ಮೈಮೇಲೆ ಬನಿಯನ್ನು, ಸೊಂಟಕ್ಕೆ ಹಳೆಯ ಚಲ್ಲಣ. ಪ್ಯಾಂಟಿನ ದಪ್ಪ ಹೊಲಿಗೆ ಸೀಟಿನ ಮೇಲೆ ಕೊರೆಯುತ್ತದೆ ಎಂದು ಒಳಗೆ ಅದನ್ನು ಹಾಕಿಕೊಂಡೇ ಬಂದಿದ್ದರು. ಖಾಕಿಯನ್ನು ಮಡಿಸಿ ಸೈಕಲ್ ಸೀಟಿನ ಮೇಲೆ ಇಟ್ಟು, ಕೈ ತೊಳೆದುಕೊಂಡು ತೋರಣದ ಮುಂದೆ ನಿಂತರು.

ಯಲ್ಲಮ್ಮ ಮೇಲಿಂದ ಕೆಳಗೆ ನೋಡಿದಳು. “ಈಗ ಮನ್ಸನಂಗೆ ಕಾಣ್ತೀಯ. ಬಾ. ನಿನ್ ಮಗ್ಳ ಲಂಗಕ್ಕೆ ಇಸ್ತ್ರಿ ಇಲ್ವಾ?”

“ಇಲ್ಲ” ಎಂದು ನಾನು ತಲೆ ಆಡಿಸಿದೆ.

“ಅಪ್ಪಂಗೆ ಮಾತ್ರ ಮದ್ವೆ ಗಂಡಿನಂಗೆ ಮಾಡೀಯ, ಅಲ್ವೇನೇ?” ಎಂದು ಅಜ್ಜಿ ನಕ್ಕಳು. ಹಿಂದೆ ನಿಂತಿದ್ದ ಹೆಂಗಸರೂ ನಕ್ಕರು. ನನಗೆ ಅಳು ಬಂತು, ತಡೆದುಕೊಂಡೆ.

ಮಕ್ಕಳು ಸಾಲು ನಿಂತರು. ನಾನು ತೋಳನ್ನು ಒರೆಸಿ ಹಿಡಿದುಕೊಳ್ಳುವುದು, ಅಪ್ಪ ಮದ್ದು ಇಟ್ಟು ಚುಚ್ಚುವುದು. ಒಂದು, ಎರಡು, ಐದು, ಎಂಟು. ಹನ್ನೆರಡನೆಯ ಹುಡುಗಿ ಅಳುತ್ತಿರುವಾಗ ಜೀಪು ಬಂದು ತೋರಣದ ಹೊರಗೆ ನಿಂತಿತು.

ಬಸವರಾಜಪ್ಪನವರು ಇಳಿದರು. ಮೊದಲು ಸೀಟಿನ ಮೇಲಿದ್ದ ಖಾಕಿಯನ್ನು, ಆಮೇಲೆ ಅಪ್ಪನನ್ನು ನೋಡಿದರು. “ಏನ್ರೀ ಕರಿಸಿದ್ದಪ್ಪ, ಏನ್ರೀ ಇದು ವೇಷ? ನಾಟಕಕ್ಕೆ ಬಂದಿದೀರಾ?”

“ಇಲ್ಲ ಸಾರ್. ಇನ್ನು ಏಳು ಮಕ್ಳು ಅವೆ. ಮುಗಿಸಿ ಹಾಕ್ಕಳ್ತೀನಿ.”

“ಈಗಲೇ ಹಾಕ್ಕೊಳ್ಳಿ. ಆಮೇಲೆ ಮುಂದುವರಿಸಿ.”

ಅಪ್ಪ ಚುಚ್ಚುವ ಕಡ್ಡಿಯನ್ನು ಕೆಳಗಿಟ್ಟು ಎದ್ದು ನಿಂತರು. ಅವರು ಖಾಕಿಯ ಕಡೆ ಒಂದು ಹೆಜ್ಜೆ ಇಟ್ಟದ್ದೇ ತಡ, ಹೆಂಗಸರು ತಮ್ಮ ತಮ್ಮ ಮಕ್ಕಳ ಕೈ ಹಿಡಿದು ಹಿಂದಕ್ಕೆ ಎಳೆದುಕೊಂಡರು. ಒಬ್ಬಳು ಮಗುವನ್ನು ಸೊಂಟಕ್ಕೇರಿಸಿ ಮನೆಯ ಕಡೆ ಹೊರಟೇಬಿಟ್ಟಳು. ಯಲ್ಲಮ್ಮ ನಗುವುದನ್ನು ನಿಲ್ಲಿಸಿದ್ದಳು. ಅಪ್ಪ ಅತ್ತ ಅವರನ್ನು, ಇತ್ತ ಇನ್ಸ್‌ಪೆಕ್ಟರನ್ನು ನೋಡುತ್ತ ನಡುವೆ ನಿಂತರು. ಅವರು ಹಾಗೆ ನಿಂತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ನನ್ನ ಬಾಯಿಂದ ಮಾತು ಹೇಗೆ ಬಂತೋ. “ಸಾರ್, ಅದಕ್ಕೆ ಇಸ್ತ್ರಿ ಹಾಕಿದ್ದು ನಾನು. ಇಸ್ತ್ರಿ ಹಾಕಿದ್ದು ತೊಟ್ರೆ ಇಲ್ಲಿ ಒಳಗೆ ಬಿಡಲ್ಲ. ಅಪ್ಪಂದು ತಪ್ಪಿಲ್ಲ. ಐಸೂ ಕರಗ್ತಾ ಐತೆ.”

“ನೀನ್ಯಾರಮ್ಮ?”

“ಬಂದಾಗಿಂದ ಆ ಹುಡ್ಗಿ ಇಷ್ಟುದ್ದ ಮಾತಾಡಿದ್ದು ಇದೇ ಮೊದ್ಲು ಸ್ವಾಮಿ, ಕೇಳಿಸ್ಕಳಿ” ಎಂದಳು ಯಲ್ಲಮ್ಮ.

ಇನ್ಸ್‌ಪೆಕ್ಟರು ಸಿಟ್ಟಿನಿಂದ ತೋರಣದ ಕಡೆ ಬಂದರು. ಅಜ್ಜಿ ಕೂತಲ್ಲಿಂದಲೇ ಕೋಲು ಅಡ್ಡ ಹಿಡಿದಳು. “ಸ್ವಾಮೇರು ಅಲ್ಲೇ ನಿಂತ್ಕಳಿ. ನಿಮ್ ಗೆರೆ ಅವ್ನದಕ್ಕಿಂತ ಚೂಪೈತೆ.”

ಯಾರೂ ನಗಲಿಲ್ಲ. ಇನ್ಸ್‌ಪೆಕ್ಟರು ತಮ್ಮ ಪ್ಯಾಂಟನ್ನು ಒಮ್ಮೆ ನೋಡಿಕೊಂಡರು. ಅಪ್ಪ ವಾಪಸು ಬಂದು ಕಡ್ಡಿ ಕೈಗೆತ್ತಿಕೊಂಡರು. “ಬರ್ಕಳಿ ಸಾರ್. ಏನು ಬರೀಬೇಕೋ ಬರ್ಕಳಿ. ಈ ಏಳು ಮುಗಿಸ್ತೀನಿ” ಎಂದರು. ಇನ್ಸ್‌ಪೆಕ್ಟರು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. “ನನಗೂ ಮೇಲಿನವರು ಇದಾರೆ ಕಣ್ರೀ” ಎಂದು ಹೇಳಿ ಜೀಪಿನ ನೆರಳಿನಲ್ಲಿ ನಿಂತರು.

ಹೆಂಗಸರು ಒಬ್ಬೊಬ್ಬರಾಗಿ ಮಕ್ಕಳನ್ನು ಮತ್ತೆ ತಂದರು. ಹದಿನೆಂಟಾಯಿತು. ಹತ್ತೊಂಬತ್ತನೆಯದು ಸಿಡುಬು ಬಂದ ಮನೆಯ ಕೂಸು, ಆ ಹುಡುಗನ ತಂಗಿ, ನಾಲ್ಕು ತಿಂಗಳದು. ಎಲ್ಲರಿಗಿಂತ ಮೊದಲು ದಾಕು ಬೇಕಾದದ್ದು ಅದಕ್ಕೆ. ಆದರೆ ಆ ಮನೆಯವರು ಹೊಸ್ತಿಲು ದಾಟುವಂತಿಲ್ಲ, ಹೊರಗಿನ ಗಂಡಸರು ಒಳಗೆ ಹೋಗುವಂತಿಲ್ಲ. ತಾಯಿ ದ್ಯಾಮಮ್ಮ ಮಗನ ತಲೆ ತೊಡೆಯ ಮೇಲಿಟ್ಟುಕೊಂಡು ಒಳಗೇ ಕೂತಿದ್ದಳು. ಏಳುವಂತಿರಲಿಲ್ಲ.

“ನಿನ್ ಮಗ್ಳು ಹೋಗಿ ಕೂಸು ಎತ್ಕಂಡು ಹೊಸ್ಲಿಗೆ ಬರ್ಲಿ. ನೀನು ಈಚೆ ನಿಂತು ಹಾಕು” ಎಂದಳು ಯಲ್ಲಮ್ಮ.

ನಾನು ಕಾಲು ತೊಳೆದು ಒಳಗೆ ಹೋದೆ. ಕತ್ತಲು, ಬೇವಿನ ವಾಸನೆ. ಹುಡುಗ ಸೊಪ್ಪಿನ ಮೇಲೆ ಮಲಗಿದ್ದ. ಮುಖ ನೋಡಿದೆ, ಅದನ್ನು ಬರೆಯುವುದಿಲ್ಲ. ದ್ಯಾಮಮ್ಮ ತೊಟ್ಟಿಲು ತೋರಿಸಿ, “ಹುಷಾರು ಕಣವ್ವ, ಕತ್ತು ಸರಿಯಾಗಿ ನಿಂತಿಲ್ಲ” ಎಂದಳು. ಎತ್ತಿಕೊಂಡು ಹೊಸ್ತಿಲಿಗೆ ಬಂದೆ. ಅಪ್ಪ ಫ್ಲಾಸ್ಕಿನಿಂದ ಕೊನೆಯ ಕೊಳವೆ ತೆಗೆದರು. ಫ್ಲಾಸ್ಕು ಅಲ್ಲಾಡಿದರೂ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಪ್ಪ ಒಳಗೆ ಬೆರಳು ಅದ್ದಿ ನೋಡಿದರು. ಆಮೇಲೆ ಕೂಸಿನ ತೋಳಿಗೆ ಹಾಕಿದರು.

ವಾಪಸು ಬರುವಾಗ ಅಪ್ಪ ಖಾಕಿ ತೊಡಲಿಲ್ಲ, ಕ್ಯಾರಿಯರ್‌ಗೆ ಕಟ್ಟಿ ನನ್ನನ್ನು ಅದರ ಮೇಲೆ ಕೂರಿಸಿದರು. ಸಿಂಗಟಗೆರೆಯ ಏರು ಇಳಿದೆವು.

“ನೀರು ಬೆಚ್ಚಗಾಗಿತ್ತಾ ಅಪ್ಪ?” ಎಂದು ಕೇಳಿದೆ.

“ಪೂರ್ತಿ ತಣ್ಣಗಿರ್ಲಿಲ್ಲ.”

“ಹಿಡೀತದಾ?”

“ಎಂಟನೇ ದಿನ ತೋಳು ನೋಡುದ್ರೆ ಗೊತ್ತಾಗ್ತದೆ. ಗುಳ್ಳೆ ಎದ್ದಿದ್ರೆ ಹಿಡ್ದೈತೆ ಅಂತ.”

ನಿನ್ನೆ ಶನಿವಾರ ಮೆಮೊ ಬಂತು. ಸಮವಸ್ತ್ರ ತೆಗೆದಿಟ್ಟು ಕೆಲಸ ಮಾಡಿದ್ದಕ್ಕೆ, ಮೇಲಧಿಕಾರಿಯ ಮಾತು ಕೇಳದ್ದಕ್ಕೆ ಹತ್ತು ದಿನದೊಳಗೆ ಸಮಜಾಯಿಷಿ ಕೊಡಬೇಕು. ಅಪ್ಪ ಅದನ್ನು ಎರಡು ಸಲ ಓದಿ, ಮಡಿಸಿ, ದೇವರ ಗೂಡಿನಲ್ಲಿ ಇಟ್ಟರು. ಉತ್ತರ ಇನ್ನೂ ಬರೆದಿಲ್ಲ. ಆ ಕೂಸಿನ ತೋಳು ನೋಡಿದ ಮೇಲೆ ಬರೆಯುತ್ತಾರಂತೆ. ಮುಂದಿನ ಸಲಕ್ಕೆ ಖಾಕಿಯನ್ನೇ ಹಾಕುತ್ತೇನೆ, ನೀರಿನಲ್ಲಿ ಜಾಲಿಸಿ ಒಣಗಿಸಿಬಿಡು, ಕಬ್ಬಿಣ ಮುಟ್ಟಿಸಬೇಡ ಎಂದು ಮಾತ್ರ ಹೇಳಿದರು. ಪ್ಯಾಂಟಿನ ಒಳ ಹೊಲಿಗೆಯನ್ನೂ ಬಿಚ್ಚಿ ಸರಿಸಲು ಆಗುತ್ತದೆಯೇ ಎಂದು ನೋಡಿದೆ. ಬಟ್ಟೆ ದಪ್ಪ, ಸೂಜಿ ಮುರಿಯಿತು. ಬೇರೆ ಸೂಜಿ ಬೇಕು.

ಇವತ್ತು ಭಾನುವಾರ. ಬರುವ ಗುರುವಾರ ಬೆಳಗಿನ ರೈಲಿಗೆ ನಾನು ಅಪ್ಪನ ಜೊತೆ ಹೊರಟು, ಆ ಹಟ್ಟಿಗೆ ಹೋಗಿ, ದ್ಯಾಮಮ್ಮನ ಮನೆಯೊಳಗಿಂದ ಕೂಸನ್ನು ಹೊಸ್ತಿಲಿಗೆ ತಂದು, ಅದರ ತೋಳನ್ನು ನೋಡುತ್ತೇನೆ.